ಥೀಮ್ ಪಾರ್ಕ್ ಪ್ರವಾಸಕ್ಕೆ ಎಷ್ಟು ದಿನ ಬೇಕು? ಕೋಲಾರ, ಚಿಕ್ಕಬಳ್ಳಾಪುರದ ಕುಟುಂಬಗಳಿಗೆ ಒಂದು ಲೆಕ್ಕಾಚಾರ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳು ವಂಡರ್‌ಲಾ ಹೆಸರೆತ್ತುತ್ತಾರೆ, ದೊಡ್ಡವರು ಟಿಕೆಟ್ ದರ ವಿಚಾರಿಸುತ್ತಾರೆ, ಯಾರಾದರೊಬ್ಬರು ಟೆಂಪೊ ಟ್ರಾವೆಲರ್ ಬಾಡಿಗೆಗೆ ಮಾತನಾಡಿಯೂ ಬಿಡುತ್ತಾರೆ. ಆದರೆ ಎಷ್ಟು ದಿನದ ಪ್ರವಾಸ ಎಂಬುದನ್ನು ಕುಳಿತು ಲೆಕ್ಕ ಹಾಕುವವರು ಕಡಿಮೆ. ಒಂದು ಮನೆಯಲ್ಲಿ "ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡೋಣ" ಎಂದು ತೀರ್ಮಾನವಾಗುತ್ತದೆ. ಇನ್ನೊಂದು ಮನೆಯಲ್ಲಿ "ಹೇಗೂ ಅಷ್ಟು ದೂರ ಹೋಗುತ್ತೇವೆ, ಮೈಸೂರನ್ನೂ ಮುಗಿಸಿಕೊಂಡು ಬರೋಣ" ಎಂದು ಮೂರು ದಿನಕ್ಕೆ ಎಳೆಯಲಾಗುತ್ತದೆ. ಈ ಎರಡರಲ್ಲಿ ಯಾವುದೂ ಸರಿಯಿರಬಹುದು, ತಪ್ಪೂ ಇರಬಹುದು. ಗೇಟಿನೊಳಗೆ ನಿಜವಾಗಿ ಕೈಗೆ ಸಿಗುವ ಗಂಟೆಗಳೆಷ್ಟು, ಜೊತೆಗೆ ಬರುವವರಲ್ಲಿ ಎಲ್ಲರಿಗಿಂತ ಬೇಗ ದಣಿಯುವವರು ಯಾರು, ಮನೆಯನ್ನು ಎಷ್ಟು ಹೊತ್ತು ಬಿಟ್ಟಿರಬಹುದು ಎಂಬ ಮೂರು ಸಂಗತಿಗಳನ್ನು ನೋಡಿದ ಮೇಲೆಯೇ ದಿನಗಳ ಸಂಖ್ಯೆಯನ್ನು ಗಟ್ಟಿ ಮಾಡಬೇಕು. ಟಿಕೆಟ್ಟಿನ ರಿಯಾಯಿತಿಯನ್ನು ನೋಡಿ ದಿನ ಗೊತ್ತು ಮಾಡುವುದು ಕೊನೆಯಿಂದ ಮೊದಲಿಗೆ ಹೋದಂತೆ.

ಗೇಟಿನೊಳಗಿನ ಗಂಟೆಗಳು

ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ 2005ರಲ್ಲಿ ಆರಂಭವಾದ ವಂಡರ್‌ಲಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೆಲದ ಆಟ, ನೀರಿನ ಆಟ ಎಲ್ಲ ಸೇರಿ ಅಲ್ಲಿ ಅರವತ್ತರ ಆಸುಪಾಸು ಆಟಗಳಿವೆ. ಈ ಸಂಖ್ಯೆಯನ್ನು ಕೇಳಿದ ಕೂಡಲೇ ಒಂದು ದಿನ ಸಾಲದು ಎಂದು ಅನಿಸುವುದು ಸಹಜ. ಆದರೆ ಅರವತ್ತನ್ನೂ ಆಡಬೇಕೆಂಬ ಆಸೆ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸವೆಂದರೆ, ಪ್ರತಿಯೊಬ್ಬರೂ ಬೇರೆಬೇರೆಯಾಗಿ ಕುಳಿತು, ತಪ್ಪಿಸಿಕೊಳ್ಳಲೇಬಾರದು ಎನಿಸುವ ಆಟಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆಯುವುದು. ಒಟ್ಟಿಗೆ ಕುಳಿತು ಬರೆದರೆ ಹಿರಿಯ ಮಗನ ಪಟ್ಟಿಯೇ ಎಲ್ಲರ ಪಟ್ಟಿಯಾಗಿಬಿಡುತ್ತದೆ. ಅಜ್ಜಿಗೆ ಸುಮ್ಮನೆ ಮರದ ನೆರಳಿನಲ್ಲಿ ಕುಳಿತು ಸಂಜೆಯ ಸಂಗೀತ ಕಾರಂಜಿ ನೋಡುವ ಆಸೆಯಿದ್ದರೆ ಅದು ಹೊರಗೆ ಬರುವುದೇ ಇಲ್ಲ. ಎಲ್ಲ ಚೀಟಿಗಳನ್ನೂ ಸೇರಿಸಿದಾಗ ಸಾಮಾನ್ಯವಾಗಿ ಹತ್ತರಿಂದ ಹದಿನೈದು ಆಟಗಳ ಪಟ್ಟಿ ಉಳಿಯುತ್ತದೆ.

ಈಗ ಸಮಯವನ್ನು ಕಳೆಯುತ್ತಾ ಬನ್ನಿ. ವಾರದ ದಿನಗಳಲ್ಲಿ ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ಪಾರ್ಕ್ ತೆರೆದಿರುತ್ತದೆ ಎಂದರೆ ಏಳು ಗಂಟೆ, ಅಂದರೆ 420 ನಿಮಿಷ. ಪ್ರವೇಶ, ಬ್ಯಾಗ್ ತಪಾಸಣೆ, ಲಾಕರ್ ಹಿಡಿಯುವುದು ಇವುಗಳಿಗೆ ಅರ್ಧ ಗಂಟೆ. ಊಟಕ್ಕೆ ಮುಕ್ಕಾಲು ಗಂಟೆ. ನೀರಿಗಿಳಿಯುವ ಮೊದಲು ಮತ್ತು ಆಮೇಲೆ ಬಟ್ಟೆ ಬದಲಿಸುವುದಕ್ಕೆ ಅರ್ಧ ಗಂಟೆ. ಕಾಫಿ, ಶೌಚಾಲಯ, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು ಇವೆಲ್ಲ ಸೇರಿ ಮತ್ತೆ ಮುಕ್ಕಾಲು ಗಂಟೆ. ಒಟ್ಟು 150 ನಿಮಿಷ ಹೀಗೆಯೇ ಹೋಗುತ್ತದೆ. ಉಳಿಯುವುದು 270 ನಿಮಿಷ. ಅಲೆಗಳ ಕೊಳಕ್ಕೆ ಇಳಿದ ಮಕ್ಕಳು ಒಂದು ಗಂಟೆಗೆ ಮೊದಲು ಮೇಲೆ ಬರುವುದಿಲ್ಲವಾದ್ದರಿಂದ, ಅದು ಪಟ್ಟಿಯಲ್ಲಿದ್ದರೆ ಇನ್ನೊಂದು 60 ನಿಮಿಷವನ್ನು ಬೇರೆಯಾಗಿ ತೆಗೆದಿಡಬೇಕು.

ಸರದಿಯ ಲೆಕ್ಕ ಇಲ್ಲಿ ಬಹಳ ಮುಖ್ಯ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ದೊಡ್ಡ ಆಟದಲ್ಲಿ 24 ಆಸನಗಳಿವೆ ಎಂದಿಟ್ಟುಕೊಳ್ಳಿ. ಆಟ ಎರಡು ನಿಮಿಷವಾದರೂ ಜನ ಇಳಿದು, ಹೊಸಬರು ಹತ್ತಿ, ಸಿಬ್ಬಂದಿ ಪ್ರತಿಯೊಬ್ಬರ ಬೆಲ್ಟನ್ನೂ ಎಳೆದು ನೋಡಿ, ಮತ್ತೆ ಗಾಡಿ ಹೊರಡುವ ಹೊತ್ತಿಗೆ ನಾಲ್ಕು ನಿಮಿಷವಾಗುತ್ತದೆ. ಗಂಟೆಗೆ 15 ಸುತ್ತು, ಸುತ್ತಿಗೆ 24 ಜನ, ಒಟ್ಟು 360 ಜನ. ಕಂಬಿಗಳ ನಡುವೆ ಹಾವಿನಂತೆ ಸುತ್ತಿಕೊಂಡು ನಿಂತಿರುವ ಸಾಲಿನ ಒಂದು ಮಡಿಕೆಯಲ್ಲಿ ಎಷ್ಟು ಜನರಿದ್ದಾರೆಂದು ಎಣಿಸಿ, ಮಡಿಕೆಗಳ ಸಂಖ್ಯೆಯಿಂದ ಗುಣಿಸಿ. ಮಡಿಕೆಗೆ 30 ಜನ, ಆರು ಮಡಿಕೆ ಎಂದರೆ ಮುಂದೆ 180 ಜನ ಇದ್ದಾರೆ. ನೀವು ಅರ್ಧ ಗಂಟೆ ಕಾಯಬೇಕು. ಎರಡು ಗಾಡಿಗಳಲ್ಲಿ ಒಂದನ್ನು ಮಾತ್ರ ಓಡಿಸುತ್ತಿದ್ದರೆ, ಸಾಲು ಅಷ್ಟೇ ಉದ್ದವಿದ್ದರೂ ಕಾಯುವ ಹೊತ್ತು ಎರಡರಷ್ಟಾಗುತ್ತದೆ. ಸಾಲು ಚಿಕ್ಕದಾಗಿ ಕಂಡಿತೆಂದು ನಿಂತು, ಕೊನೆಗೆ ಒಂದು ಗಂಟೆ ಕಳೆಯುವುದು ಹೀಗೆಯೇ.

ಜನ ಕಡಿಮೆಯಿರುವ ದಿನ ಒಂದು ಆಟಕ್ಕೆ ಸರಾಸರಿ 15 ನಿಮಿಷ ಕಾಯುವಿಕೆ, ಆಟಕ್ಕೂ ಮುಂದಿನ ಆಟದವರೆಗೆ ನಡೆಯುವುದಕ್ಕೂ 10 ನಿಮಿಷ, ಒಟ್ಟು 25 ನಿಮಿಷ ಎಂದರೆ 270 ನಿಮಿಷದಲ್ಲಿ ಹತ್ತು ಆಟಗಳು ಸಲೀಸಾಗಿ ಮುಗಿಯುತ್ತವೆ. ಮೇ ತಿಂಗಳ ಭಾನುವಾರ ಕಾಯುವಿಕೆ 40 ನಿಮಿಷಕ್ಕೆ ಏರಿತೆಂದರೆ, ಅಂದು ಪಾರ್ಕ್ ಒಂದು ಗಂಟೆ ಹೆಚ್ಚು ತೆರೆದಿದ್ದರೂ ಆರು ಆಟಗಳಿಗೆ ದಿನ ಮುಗಿಯುತ್ತದೆ. ಹನ್ನೆರಡು ಆಟಗಳ ಅದೇ ಪಟ್ಟಿಗೆ ಭಾನುವಾರ ಹೋದರೆ ಎರಡು ದಿನ ಬೇಕು. ಮಂಗಳವಾರ ಹೋದರೆ, ಒಂದೆರಡು ಆಟಗಳನ್ನು ಬಿಡಲು ಒಪ್ಪುವುದಾದರೆ, ಒಂದೇ ದಿನ ಸಾಕು. ಹಾಗಾಗಿ ಎಷ್ಟು ದಿನ ಎಂದು ಕೇಳುವ ಮೊದಲು ಯಾವ ದಿನ ಎಂದು ಕೇಳಿಕೊಳ್ಳುವುದು ಲೇಸು. ಒಬ್ಬರು ಒಂದು ದಿನ ರಜೆ ಹಾಕಿದರೆ ಇಡೀ ಕುಟುಂಬದ ಎರಡನೇ ದಿನದ ಟಿಕೆಟ್ಟು, ರೂಮು, ಊಟ ಎಲ್ಲವೂ ಉಳಿಯುತ್ತದೆ. ವಾರದ ದಿನಕ್ಕಿಂತ ಶನಿವಾರ, ಭಾನುವಾರದ ಟಿಕೆಟ್ ದರವೂ ಹೆಚ್ಚು ಎಂಬುದನ್ನು ಮರೆಯಬಾರದು.

ವಾರದ ದಿನವಾದರೆ ಸಾಕು, ಜನ ಇರುವುದಿಲ್ಲ ಎಂದೂ ಹೇಳುವಂತಿಲ್ಲ. ನಮ್ಮ ರಾಜ್ಯದ ಶಾಲೆಗಳು ಶೈಕ್ಷಣಿಕ ಪ್ರವಾಸಕ್ಕೆ ಹೊರಡುವುದು ಹೆಚ್ಚಾಗಿ ನವೆಂಬರಿನಿಂದ ಜನವರಿಯವರೆಗೆ. ಆ ದಿನಗಳಲ್ಲಿ ಬುಧವಾರ ಬೆಳಿಗ್ಗೆ ಹೋದರೂ ಸಾಲುಸಾಲಾಗಿ ನಿಂತ ಬಸ್ಸುಗಳು ಎದುರಾಗುತ್ತವೆ. ದಸರಾ ರಜೆ, ಕ್ರಿಸ್‌ಮಸ್ ವಾರ, ಪರೀಕ್ಷೆ ಮುಗಿದ ಏಪ್ರಿಲ್ ಮತ್ತು ಮೇ ತಿಂಗಳು ಇವೆಲ್ಲ ದಟ್ಟಣೆಯ ಕಾಲ. ಶಾಲೆಗಳು ಪುನರಾರಂಭವಾದ ಮೇಲಿನ ಜೂನ್, ಜುಲೈ ತಿಂಗಳುಗಳ ವಾರದ ದಿನಗಳು ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಒಳ್ಳೆಯವು. ಮಕ್ಕಳಿಗೆ ಶಾಲೆ ಒಂದು ದಿನ ತಪ್ಪುತ್ತದೆ ಎಂಬುದನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಮೇ ತಿಂಗಳಲ್ಲೇ ಹೋಗಬೇಕಾಗಿದ್ದರೆ, ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದುಂಟು, ಸಿಡಿಲಿನ ಸೂಚನೆಯಿದ್ದರೆ ಎತ್ತರದ ಆಟಗಳನ್ನು ನಿಲ್ಲಿಸುತ್ತಾರೆ ಎಂಬುದನ್ನು ಗಮನದಲ್ಲಿಟ್ಟುಕೊಂಡು, ಚೀಟಿಯ ಮೊದಲ ಸಾಲಿನ ಆಟಗಳನ್ನು ಸಂಜೆಗೆ ಉಳಿಸಿಕೊಳ್ಳದೆ ಬಾಗಿಲು ತೆರೆದ ಮೊದಲ ಎರಡು ಗಂಟೆಯಲ್ಲೇ ಮುಗಿಸಿಬಿಡಿ.

ಸರದಿ ತಪ್ಪಿಸುವ ಫಾಸ್ಟ್ರ್ಯಾಕ್ ಟಿಕೆಟ್ ಕೊಳ್ಳಬೇಕೇ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಸಾಮಾನ್ಯ ಟಿಕೆಟ್ಟಿಗಿಂತ ಅದಕ್ಕೆ ತೆರುವ ಹೆಚ್ಚಿನ ಹಣವನ್ನು, ಎರಡನೇ ದಿನ ಉಳಿದರೆ ಆಗುವ ಟಿಕೆಟ್ಟು, ರೂಮು, ಊಟದ ಖರ್ಚಿನ ಜೊತೆ ಹೋಲಿಸಿ ನೋಡಿ. ದಟ್ಟಣೆಯ ದಿನವೇ ಹೋಗಬೇಕಾದ ಅನಿವಾರ್ಯ ಇದ್ದವರಿಗೆ ಅದು ಒಂದು ದಿನವನ್ನು ಉಳಿಸಿಕೊಡಬಹುದು. ಜನವಿಲ್ಲದ ದಿನ ಅದು ಬೇಕಿಲ್ಲ.

ಯಾರು ಜೊತೆಗೆ ಬರುತ್ತಾರೆ

ಹೊರಡುವ ವಾರಕ್ಕೆ ಮೊದಲೇ ಮಕ್ಕಳನ್ನು ಗೋಡೆಗೆ ನಿಲ್ಲಿಸಿ, ಚಪ್ಪಲಿ ಬಿಡಿಸಿ, ಟೇಪಿನಲ್ಲಿ ಎತ್ತರ ಅಳೆದುಕೊಳ್ಳಿ. ಮೈ ಜುಮ್ಮೆನಿಸುವ ಹಲವು ಆಟಗಳಿಗೆ 140 ಸೆಂ.ಮೀ. ಎತ್ತರ ಬೇಕು. 136 ಸೆಂ.ಮೀ. ಇರುವ ಹುಡುಗನನ್ನು ಅಳತೆಗೋಲಿನ ಪಕ್ಕದಲ್ಲಿ ನಿಲ್ಲಿಸಿ ವಾಪಸು ಕಳುಹಿಸಿದಾಗ ಅವನ ಮುಖ ನೋಡಲಾಗುವುದಿಲ್ಲ. ಸಿಬ್ಬಂದಿಯ ಹತ್ತಿರ ವಾದ ಮಾಡುವುದೂ ಸರಿಯಲ್ಲ, ಏಕೆಂದರೆ ಸುರಕ್ಷತೆಯ ಕಂಬಿ ಮೈಗೆ ಸರಿಯಾಗಿ ಕೂರಬೇಕೆಂದೇ ಆ ಅಳತೆ ಇಟ್ಟಿರುವುದು. ಎತ್ತರ ಸಾಲದ ಮಕ್ಕಳೇ ಹೆಚ್ಚಾಗಿದ್ದರೆ ಪಟ್ಟಿ ತಾನಾಗಿಯೇ ಅರ್ಧವಾಗುತ್ತದೆ, ಒಂದು ದಿನವೂ ಸಾಕಾಗಿ ಮಿಗುತ್ತದೆ. ಅಂಥ ಕುಟುಂಬ ಎರಡು ವರ್ಷ ಕಾದು ಹೋದರೆ ಇಮ್ಮಡಿ ಸಂತೋಷ ಸಿಗುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಬಿಸಿಲು, ನೀರು, ಗದ್ದಲ ಮೂರೂ ಸೇರಿದರೆ ಮಧ್ಯಾಹ್ನ ಮೂರರ ಹೊತ್ತಿಗೆ ಸಾಕಾಗುತ್ತದೆ. ಅವರನ್ನು ಮರುದಿನವೂ ಅದೇ ಜಾಗಕ್ಕೆ ಕರೆದೊಯ್ದರೆ ಅಳು ಬಿಟ್ಟು ಬೇರೇನೂ ಸಿಗದು. ಮಂಡಿನೋವಿರುವ ಅತ್ತೆ, ಮಾವ ಅಥವಾ ರಕ್ತದೊತ್ತಡದ ಔಷಧ ತೆಗೆದುಕೊಳ್ಳುವವರು ಬರುವುದಾದರೆ ಒಂದು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಲೇಬೇಡಿ. ಹೃದಯದ ತೊಂದರೆ, ಬೆನ್ನುನೋವು ಇರುವವರಿಗೆ, ಗರ್ಭಿಣಿಯರಿಗೆ ದೊಡ್ಡ ಆಟಗಳು ಹೇಗೂ ನಿಷಿದ್ಧ. ದಿನವಿಡೀ ಕುಳಿತು ಎಲ್ಲರ ಬ್ಯಾಗು ಕಾಯುವ ಕೆಲಸ ಅವರ ಪಾಲಿಗೆ ಬರುತ್ತದೆ, ಅದನ್ನು ಎರಡು ದಿನ ಮಾಡಿಸುವುದು ನ್ಯಾಯವಲ್ಲ. ಹದಿಹರೆಯದವರೇ ಇರುವ ಗುಂಪಾದರೆ ಮಾತು ಬೇರೆ: ಒಂದು ದಿನ ನೆಲದ ಆಟ, ಇನ್ನೊಂದು ದಿನ ನೀರಿನ ಆಟ ಎಂದು ಪಾಲು ಮಾಡಿಕೊಂಡು ಎರಡು ದಿನವನ್ನೂ ಅವರು ಚೆನ್ನಾಗಿ ಬಳಸಿಕೊಳ್ಳಬಲ್ಲರು.

ದಾರಿ ಮತ್ತು ರಾತ್ರಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಊರುಗಳಿಂದ ಬಿಡದಿ ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ. ತುಮಕೂರಿನವರಿಗೆ ಮಾದಾವರದ ಬಳಿ ನೈಸ್ ರಸ್ತೆ ಸಿಗುತ್ತದೆ, ಕೆಂಗೇರಿಯ ಹತ್ತಿರ ಮೈಸೂರು ರಸ್ತೆಗೆ ಇಳಿಯಬಹುದು. ಅವರಿಗೆ ದಾರಿ ಸುಲಭ. ಕೋಲಾರದವರು ಮಾತ್ರ ಬೆಂಗಳೂರಿನ ಪೂರ್ವದ ತುದಿಯಿಂದ ಪಶ್ಚಿಮದ ತುದಿಗೆ ಹಾಯಬೇಕು. ಚಿಕ್ಕಬಳ್ಳಾಪುರದವರಿಗೆ ಹೆಬ್ಬಾಳ ಅಡ್ಡ ನಿಲ್ಲುತ್ತದೆ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆಯ ಕಡೆಗೆ ಹೋಗುವ ಹೊಸ ವರ್ತುಲ ರಸ್ತೆ ಹಿಡಿದರೆ ಸುತ್ತಾದರೂ ನಗರದ ದಟ್ಟಣೆ ತಪ್ಪುತ್ತದೆ.

ಇಲ್ಲಿ ಬಹಳ ಜನ ತಿರುವುಮುರುವಾಗಿ ಯೋಚಿಸುತ್ತಾರೆ. ಬೆಳಿಗ್ಗೆ ಬೇಗ ತಲುಪಬೇಕೆಂದು ಹಿಂದಿನ ರಾತ್ರಿಯೇ ಹೋಗಿ ರೂಮು ಮಾಡುತ್ತಾರೆ, ಆಟ ಮುಗಿಸಿ ಅದೇ ಸಂಜೆ ಊರಿಗೆ ಹೊರಡುತ್ತಾರೆ. ಪಾರ್ಕ್ ತೆರೆಯುವುದು 11ಕ್ಕಾದ್ದರಿಂದ, ಆರೂವರೆಗೆ ಮನೆಯಲ್ಲಿ ಇಡ್ಲಿಯನ್ನೋ ಉಪ್ಪಿಟ್ಟನ್ನೋ ತಿಂದು ಹೊರಟರೂ ಸಮಯಕ್ಕೆ ಸರಿಯಾಗಿ ಗೇಟಿನ ಮುಂದಿರಬಹುದು. ಕಷ್ಟವಿರುವುದು ವಾಪಸು ಬರುವುದರಲ್ಲಿ. ಸಂಜೆ ಆರು, ಏಳು ಗಂಟೆಗೆ ಪಾರ್ಕ್ ಮುಚ್ಚುತ್ತದೆ. ಬೆಂಗಳೂರಿನ ಕಚೇರಿಗಳು ಬಿಡುವ ಹೊತ್ತೂ ಅದೇ. ದಿನವಿಡೀ ನೀರಿನಲ್ಲಿ ಆಡಿ ದಣಿದವರೇ ಕಾರಿನ ಚಾಲಕರೂ ಆಗಿದ್ದರೆ, ಹೊಸಕೋಟೆ ದಾಟಿದ ಮೇಲಿನ ನೇರ ರಸ್ತೆಯಲ್ಲಿ ರಾತ್ರಿ ಹತ್ತು ಗಂಟೆಗೆ ಕಣ್ಣು ಎಳೆಯದೆ ಇರದು. ಆದ್ದರಿಂದ ಒಂದೇ ರಾತ್ರಿಗೆ ಹಣ ಖರ್ಚು ಮಾಡುವುದಾದರೆ ಅದು ಪಾರ್ಕಿನ ನಂತರದ ರಾತ್ರಿಯಾಗಿರಲಿ. ಕೋಲಾರ, ಚಿಕ್ಕಬಳ್ಳಾಪುರದ ಕುಟುಂಬಗಳಿಗೆ, ಸ್ವಂತ ಕಾರಿನಲ್ಲಿ ಹೋಗುವುದಾದರೆ, ನಾನು ಹೇಳುವ ಲೆಕ್ಕ ಇದು: ಪಾರ್ಕಿಗೆ ಒಂದು ದಿನ, ಪ್ರವಾಸಕ್ಕೆ ಎರಡು ದಿನ. ಬಿಡದಿ, ರಾಮನಗರದ ಕಡೆ ಉಳಿದುಕೊಂಡು, ಮರುದಿನ ತಡವಾಗಿ ಎದ್ದು, ರಾಮನಗರದ ಜಾನಪದ ಲೋಕವನ್ನು ನಿಧಾನವಾಗಿ ನೋಡಿ, ಮಧ್ಯಾಹ್ನದ ಊಟ ಮುಗಿಸಿ ಹೊರಟರೆ ಹಗಲಿನಲ್ಲೇ ಊರು ಸೇರಬಹುದು. ಎಚ್.ಎಲ್. ನಾಗೇಗೌಡರು ಕಟ್ಟಿದ ಆ ಜಾನಪದ ಲೋಕದಲ್ಲಿ ಅಜ್ಜ, ಅಜ್ಜಿಯರು ತಾವು ಬಳಸಿದ್ದ ಒನಕೆ, ಕೊಳಗ, ಬೀಸುವ ಕಲ್ಲುಗಳನ್ನು ಮೊಮ್ಮಕ್ಕಳಿಗೆ ತೋರಿಸುವಾಗ, ಹಿಂದಿನ ದಿನ ಬ್ಯಾಗು ಕಾದವರ ಸರದಿ ಬಂದಂತಾಗುತ್ತದೆ.

ಬಾಡಿಗೆ ಗಾಡಿಯಾದರೆ ದಿನಕ್ಕೆ ಕನಿಷ್ಠ ಇಂತಿಷ್ಟು ಕಿಲೋಮೀಟರ್ ಎಂಬ ಲೆಕ್ಕವೂ ಚಾಲಕನ ಬಾಟಾವೂ ಎರಡು ದಿನಕ್ಕೆ ಬೀಳುತ್ತದೆ. ಚಾಲಕ ದಿನವಿಡೀ ವಿಶ್ರಾಂತಿ ಪಡೆದಿದ್ದು, ಗುಂಪಿನಲ್ಲಿ ಚಿಕ್ಕ ಮಕ್ಕಳಿಲ್ಲದಿದ್ದರೆ ಅದೇ ದಿನ ವಾಪಸಾಗುವುದರಲ್ಲಿ ತೊಂದರೆಯಿಲ್ಲ. ಇನ್ನೂ ಕಡಿಮೆ ಖರ್ಚಿನಲ್ಲಿ, ರಾತ್ರಿ ಉಳಿಯದೆ ಹೋಗಿಬರಲು ಮೆಟ್ರೊ ಇದೆ. ಕೋಲಾರದ ಬಸ್ಸಿನಲ್ಲಿ ಕೆ.ಆರ್. ಪುರಕ್ಕೆ ಬಂದು ನೇರಳೆ ಮಾರ್ಗ ಹತ್ತಿದರೆ ನೇರವಾಗಿ ಚಲ್ಲಘಟ್ಟದಲ್ಲಿ ಇಳಿಯಬಹುದು. ಅಲ್ಲಿಂದ ಮುಂದೆ ಬಿಡದಿಯ ಕಡೆಗೆ ಬಸ್ಸು ಅಥವಾ ಟ್ಯಾಕ್ಸಿ. ತುಮಕೂರಿನವರು ಮಾದಾವರದಲ್ಲಿ ಹಸಿರು ಮಾರ್ಗ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿಕೊಳ್ಳಬೇಕು. ಕಾಲೇಜು ಹುಡುಗರಿಗೆ ಈ ದಾರಿಯೇ ಸರಿ. ಒದ್ದೆ ಬಟ್ಟೆಯ ಚೀಲ, ನಿದ್ದೆ ಹತ್ತಿದ ಮಗು ಎರಡೂ ಇರುವ ತಾಯಿಗೆ ಅಲ್ಲ.

ಪಾರ್ಕಿಗೆ ಹೋಗುವ ದಿನದ ಬೆಳಿಗ್ಗೆ ದೇವಸ್ಥಾನವನ್ನೋ ಸಂಬಂಧಿಕರ ಮನೆಯನ್ನೋ ಸೇರಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸಂಬಂಧಿಕರ ಮನೆಯಲ್ಲಿ ಕಾಫಿ ಕುಡಿದು ಏಳುವ ಹೊತ್ತಿಗೆ ಹನ್ನೆರಡಾಗಿರುತ್ತದೆ, ಸಾಲುಗಳು ಚಿಕ್ಕದಾಗಿರುವ ಮೊದಲ ಗಂಟೆ ಕೈತಪ್ಪಿರುತ್ತದೆ. ಮೈಸೂರನ್ನು ಸೇರಿಸುವುದಾದರೆ ಅದಕ್ಕೆ ಬೇರೆಯದೇ ಪೂರ್ಣ ದಿನ ಕೊಡಿ.

ಮನೆಯ ಕಡೆಯ ಲೆಕ್ಕ

ಹಸು ಕಟ್ಟಿರುವ ಮನೆಯಲ್ಲಿ ದಿನ ಗೊತ್ತು ಮಾಡುವುದು ಕೊಟ್ಟಿಗೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕಬೇಕು; ಒಂದು ಹೊತ್ತನ್ನು ಪಕ್ಕದ ಮನೆಯವರು ನೋಡಿಕೊಂಡಾರು, ಮೂರು ಹೊತ್ತನ್ನು ಕೇಳುವುದು ಸುಲಭವಲ್ಲ. ಬೆಳಿಗ್ಗೆ ಕರೆದಿಟ್ಟು ಹೊರಟು, ಮರುದಿನ ಸಂಜೆಯ ಹೊತ್ತಿಗೆ ಮರಳುವ ಪ್ರವಾಸಕ್ಕೆ ಎರಡು ಹೊತ್ತು ಬದಲಿ ಸಾಕು ಎಂಬುದು ಮೇಲಿನ ಎರಡು ದಿನದ ಲೆಕ್ಕಕ್ಕೆ ಹೊಂದುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಇನ್ನೂ ಬಿಗಿ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಸೊಪ್ಪು ತಿನ್ನುವ ರಭಸಕ್ಕೆ ಮನೆಯವರೆಲ್ಲ ಬೇಕು, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ (ತಟ್ಟೆಗೆ) ಬಿಡುವಾಗ ಒಂದು ಗಂಟೆಯೂ ಅಲ್ಲಾಡುವಂತಿಲ್ಲ. ಗೂಡನ್ನು ಮಾರುಕಟ್ಟೆಗೆ ಹಾಕಿ, ಹುಳುಮನೆ ತೊಳೆದು, ಮುಂದಿನ ಚಾಕಿ (ಮರಿಹುಳು) ತರುವ ಮೊದಲಿನ ಬಿಡುವಿನಲ್ಲಿ ಹೋಗಿಬರಬೇಕು. ಆ ಬಿಡುವು ಬಹುಮಟ್ಟಿಗೆ ವಾರದ ಮಧ್ಯೆಯೂ ಸಿಗಬಹುದಾದ್ದರಿಂದ, ಕಚೇರಿಯ ನೌಕರರಿಗಿಲ್ಲದ ಅನುಕೂಲ ಅವರಿಗಿದೆ.

ದೂರದ ಪಾರ್ಕುಗಳು

ಹೈದರಾಬಾದಿಗೆ ಹೋಗುವವರು ರಾಮೋಜಿ ಫಿಲ್ಮ್ ಸಿಟಿಗೆ ಒಂದು ಪೂರ್ಣ ದಿನ ಇಡಬೇಕು; ಅಲ್ಲಿ ಆಟಗಳಿಗಿಂತ ಬಸ್ಸಿನಲ್ಲಿ ಕೂರಿಸಿ ಚಿತ್ರೀಕರಣದ ಸೆಟ್‌ಗಳನ್ನು ತೋರಿಸುವ ಸುತ್ತಾಟವೇ ಹೆಚ್ಚು, ಹಿರಿಯರಿಗೆ ಅದು ಹಿಡಿಸುತ್ತದೆ. ಅದೇ ಊರಿನ ವಂಡರ್‌ಲಾವನ್ನೂ ಸೇರಿಸುವುದಾದರೆ ಎರಡರ ನಡುವೆ ಚಾರ್ಮಿನಾರ್, ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಂತಹ ಹಗುರವಾದ ಒಂದು ದಿನವಿರಲಿ. ಮುಂಬೈ–ಪುಣೆ ನಡುವಿನ ಖೋಪೋಲಿಯಲ್ಲಿರುವ ಇಮ್ಯಾಜಿಕಾದಲ್ಲಿ ಥೀಮ್ ಪಾರ್ಕ್ ಮತ್ತು ನೀರಿನ ಪಾರ್ಕ್ ಬೇರೆಬೇರೆಯಾಗಿವೆ. ಎರಡೂ ಬೇಕಾದವರಿಗೆ ಮಾತ್ರ ಎರಡು ದಿನ. ಸಿಂಗಪುರದ ಸೆಂಟೋಸಾ ದ್ವೀಪದಲ್ಲಿರುವ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಒಂದು ದಿನ ಸಾಕು.

ಅಮೆರಿಕದಲ್ಲಿರುವ ಮಗ ಅಥವಾ ಮಗಳ ಮನೆಗೆ ಹೋಗುವ ತಂದೆ, ತಾಯಿಯರು ನಮ್ಮ ಊರುಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಮೊಮ್ಮಕ್ಕಳ ಜೊತೆ ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ನೋಡುವ ಯೋಜನೆ ಅವರ ಮುಂದೆ ಬರುತ್ತದೆ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನಿಂದ ಶುರುವಾದ ಆ ಜಾಗದಲ್ಲಿ ಈಗ ನಾಲ್ಕು ದೊಡ್ಡ ಥೀಮ್ ಪಾರ್ಕುಗಳೂ ಎರಡು ನೀರಿನ ಪಾರ್ಕುಗಳೂ ಇವೆ. ನಾಲ್ಕನ್ನೂ ನೋಡಬೇಕೆಂದರೆ ನಾಲ್ಕು ದಿನ, ನಡುವೆ ಬಿಡುವಿನ ಒಂದು ದಿನ, ಒಟ್ಟು ಐದು ದಿನಕ್ಕಿಂತ ಕಡಿಮೆ ಇಡುವುದು ಸಲ್ಲದು. ಅಲ್ಲಿ ದಿನಕ್ಕೆ ಹತ್ತು ಕಿಲೋಮೀಟರಿಗೂ ಹೆಚ್ಚು ನಡೆಯುವುದು ಸಾಮಾನ್ಯ. ಭಾರತಕ್ಕೂ ಫ್ಲಾರಿಡಾದ ಆ ಭಾಗಕ್ಕೂ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆಯ ವ್ಯತ್ಯಾಸವಿರುವುದರಿಂದ, ವಿಮಾನ ಇಳಿದ ಮೊದಲ ವಾರದಲ್ಲಿ ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವುದು ಬೇಡ. ಹಿರಿಯರೂ ಪುಟ್ಟ ಮಕ್ಕಳೂ ಇರುವ ಕುಟುಂಬಕ್ಕೆ ನಾಲ್ಕೂ ಬೇಕಿಲ್ಲ. ಮ್ಯಾಜಿಕ್ ಕಿಂಗ್‌ಡಮ್ ಮತ್ತು ಆನಿಮಲ್ ಕಿಂಗ್‌ಡಮ್ ಎರಡನ್ನೇ, ನಡುವೆ ಒಂದು ದಿನ ಬಿಟ್ಟು, ಮೂರು ದಿನದಲ್ಲಿ ನೆಮ್ಮದಿಯಾಗಿ ನೋಡಬಹುದು. ಅಲ್ಲಿಯೂ ಎತ್ತರದ ನಿಯಮವಿದೆ: ಸ್ಪೇಸ್ ಮೌಂಟನ್ ಎಂಬ ಆಟಕ್ಕೆ 44 ಇಂಚು, ಅಂದರೆ ಸುಮಾರು 112 ಸೆಂ.ಮೀ. ಬೇಕು.

ಆ ಪಾರ್ಕುಗಳಲ್ಲಿ ದಿನಗಳು ಹೆಚ್ಚಾದಷ್ಟೂ ದಿನವೊಂದರ ಟಿಕೆಟ್ ದರ ಇಳಿಯುತ್ತಾ ಹೋಗುತ್ತದೆ. ಐದನೇ ದಿನದ ಟಿಕೆಟ್ ಅಗ್ಗವಾಗಿ ಕಂಡರೂ ಆ ದಿನದ ಹೋಟೆಲು, ಊಟ, ಕಾರ್ ಪಾರ್ಕಿಂಗ್ ಅಗ್ಗವಾಗುವುದಿಲ್ಲ. ಇವೆಲ್ಲವನ್ನೂ ಸೇರಿಸಿ, ಒಂದು ಹೆಚ್ಚುವರಿ ದಿನಕ್ಕೆ ಒಟ್ಟು ಎಷ್ಟು ಬೀಳುತ್ತದೆ ಎಂದು ಬರೆದು ನೋಡಿ.

ದಿನ ಗೊತ್ತಾದ ಮೇಲೆ ಮೊದಲು ವಾಹನ ಮತ್ತು ರೂಮನ್ನು ಗಟ್ಟಿ ಮಾಡಿ, ಮನೆಯಲ್ಲಿ ಬದಲಿ ನೋಡಿಕೊಳ್ಳುವವರ ಒಪ್ಪಿಗೆ ಪಡೆದು, ಆಮೇಲೆ ಟಿಕೆಟ್ ಕೊಳ್ಳಿ. ಹಣ ಕಟ್ಟುವ ಮುನ್ನ ಪಾರ್ಕಿನ ಜಾಲತಾಣದಲ್ಲಿ ಆ ದಿನದ ಸಮಯವನ್ನೂ, ದುರಸ್ತಿಗಾಗಿ ಯಾವ ಆಟ ನಿಂತಿದೆ ಎಂಬುದನ್ನೂ ನೋಡಿಕೊಳ್ಳಿ. ಚೀಟಿಯ ಮೊದಲ ಸಾಲಿನ ಆಟವೇ ನಿಂತಿದ್ದರೆ ದಿನಾಂಕವನ್ನು ಮುಂದೂಡಲು ಆಗ ಇನ್ನೂ ಅವಕಾಶವಿರುತ್ತದೆ.